ಪ್ರಯಾಣದಲ್ಲಿ ಆರೋಗ್ಯ: ಹೊರಡುವ ಮೊದಲೇ ಹಾಕಬೇಕಾದ ಲೆಕ್ಕ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಗಾದೆಯಲ್ಲಿ ಎರಡನೆಯದು ನಮ್ಮಂತೆ ಮೆಟ್ರಿಕ್ ಮುಗಿಸಿ ಅಂಗಡಿಯ ಗಾದಿ ಹತ್ತಿದವರಿಗೆ ಅಷ್ಟಾಗಿ ಒಲಿಯಲಿಲ್ಲ. ಮೊದಲನೆಯದು ಮಾತ್ರ ಬೇಡವೆಂದರೂ ಬೆನ್ನು ಬಿಡಲಿಲ್ಲ. ಆದೋನಿಯ ವ್ಯಾಪಾರಿಯ ಆಯುಷ್ಯದಲ್ಲಿ ಒಂದು ದೊಡ್ಡ ಪಾಲು ರೈಲು ಮತ್ತು ಬಸ್ಸಿನಲ್ಲೇ ಕಳೆಯುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಅದಕ್ಕೆ ಕಾರಣವೂ ಇದೆ. ಮದ್ರಾಸಿನ ಕಡೆಯಿಂದ ಬಂದ ರೈಲು ಹಳಿಯೂ ಮುಂಬಯಿಯ ಕಡೆಯಿಂದ ಬಂದ ಹಳಿಯೂ ೧೮೭೧ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ದಾರಿಯಲ್ಲಿರುವ ನಮ್ಮೂರಿನ ಹತ್ತಿಗೆ ಮುಂಬಯಿಯ ಬಾಗಿಲು ತೆರೆಯಿತು. ೧೯೫೩ರ ಅಕ್ಟೋಬರ್ ೧ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಗಡಿ ಬಂದರೂ ನೆಂಟಸ್ತನ ನಿಲ್ಲಲಿಲ್ಲ. ಇಂದಿಗೂ ವಸೂಲಿಗೆ ಕೌತಾಳ, ಕೋಸಿಗಿ, ಹೊಳಗುಂದಿ, ಎಮ್ಮಿಗನೂರು. ಮದುವೆ ಮುಂಜಿಗೆ ಬಳ್ಳಾರಿ, ರಾಯಚೂರು, ಹುಬ್ಬಳ್ಳಿ. ಯಾತ್ರೆಗೆ ಗುಂತಕಲ್ಲಿನ ಬಳಿಯ ಕೊನಕೊಂಡ್ಲದಿಂದ ಹಿಡಿದು ಶ್ರವಣಬೆಳಗೊಳ, ಗಿರನಾರ, ಸಮ್ಮೇದ ಶಿಖರಜಿಯವರೆಗೆ ನಮ್ಮ ಓಡಾಟ ನಡೆದೇ ಇರುತ್ತದೆ.

ಇಷ್ಟು ವರ್ಷ ಹೀಗೆ ಸುತ್ತಿ, ಸುತ್ತುವವರನ್ನು ನೋಡಿ, ಡಾಕ್ಟರರನ್ನು ಕೇಳಿ ನಾವು ತಿಳಿದುಕೊಂಡದ್ದನ್ನು ಸಾಧರ್ಮಿ ಬಂಧುಗಳ ಮುಂದಿಡುತ್ತಿದ್ದೇವೆ. ನಮ್ಮ ಹಿರಿಯರು ನೀರು ಮತ್ತು ಊಟದ ವಿಷಯದಲ್ಲಿ ಹಾಕಿಕೊಟ್ಟ ಕಟ್ಟುಪಾಡು ದಾರಿಯ ಎಷ್ಟೋ ಕಾಯಿಲೆಗಳನ್ನು ತಡೆಯುತ್ತದೆ. ಆದರೆ ಅವರ ಕಾಲದಲ್ಲಿ ಮನೆಮನೆಯಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ, ರಕ್ತದ ಒತ್ತಡದ ಗುಳಿಗೆ ಇರಲಿಲ್ಲ. ಇಂದು ಇವೆ. ವ್ರತದ ವೇಳೆಯನ್ನೂ ಗುಳಿಗೆಯ ವೇಳೆಯನ್ನೂ ಮನೆಯಲ್ಲೇ ಹೊಂದಿಸಿಕೊಂಡು ಹೊರಡಬೇಕು. ಈ ಲೇಖನದ ಮುಖ್ಯ ಮಾತು ಇದೇ.

ಸೋಸಿದ ನೀರು, ಕುದಿಸಿದ ನೀರು

ಮೊದಲು ನೀರಿನ ವಿಷಯ. ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕೆಂಬುದು ನಮ್ಮ ಮಕ್ಕಳಿಗೂ ಗೊತ್ತು. ನಮ್ಮ ಹಿರಿಯರು ಬಟ್ಟೆ ಹಿಡಿದದ್ದು ಜೀವದಯೆಗಾಗಿ. ಅದರಿಂದ ಶರೀರಕ್ಕಾಗುವ ಲಾಭವನ್ನು ಈಗ ವಿಜ್ಞಾನಿಗಳೂ ಅಳೆದು ನೋಡಿದ್ದಾರೆ. ಅಮೆರಿಕದ ವಿಜ್ಞಾನಿ ಡಾ. ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಮತ್ಲಾಬ್ ಎಂಬ ಕಡೆ ಹಳ್ಳಿಯ ಹೆಣ್ಣುಮಕ್ಕಳಿಗೆ, ಹಳೆಯ ಸೀರೆಯನ್ನು ನಾಲ್ಕರಿಂದ ಎಂಟು ಮಡಿಕೆ ಮಾಡಿ ನೀರು ಸೋಸುವುದನ್ನು ಕಲಿಸಿದರು. ೨೦೦೩ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ಆ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧದಷ್ಟು, ಎಂದರೆ ಶೇಕಡಾ ೪೮ರಷ್ಟು ಇಳಿಯಿತು. ಕಾಲರಾದ ಕ್ರಿಮಿ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳ ಮೈಗೆ ಅಂಟಿಕೊಂಡಿರುತ್ತದೆ. ಮಡಿಚಿದ ಬಟ್ಟೆಯಲ್ಲಿ ಆ ಹುಳುಗಳು ನಿಂತುಬಿಡುತ್ತವೆ, ಅವುಗಳೊಂದಿಗೆ ರೋಗವೂ ನಿಲ್ಲುತ್ತದೆ. ಹಳೆಯ ಬಟ್ಟೆಯೇ ಮೇಲು, ಏಕೆಂದರೆ ಒಗೆದು ಒಗೆದು ಅದರ ನೂಲು ಹಿಂಜಿ ಕಿಂಡಿಗಳು ಸಣ್ಣದಾಗಿರುತ್ತವೆ.

ಆದರೆ ಅರ್ಧ ಇಳಿಯಿತೆಂದರೆ ಇನ್ನರ್ಧ ಉಳಿಯಿತೆಂದೇ ಅರ್ಥ. ಕಾಮಾಲೆ, ವಿಷಮಶೀತ ಜ್ವರ ತರುವ ಸೂಕ್ಷ್ಮ ಕ್ರಿಮಿಗಳಿಗೆ ಬಟ್ಟೆ ಅಡ್ಡವಾಗದು. ಅವು ಕುದಿಸಿದರೇ ಸಾಯುವುದು. ನೀರು ಗುಳುಗುಳು ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಬಿಡಬೇಕು. ಸೋಸಿದ ನೀರಿಗೆ ೪೮ ನಿಮಿಷ, ಲವಂಗ ಮುಂತಾದವನ್ನು ಹಾಕಿ ಪ್ರಾಸುಕ ಮಾಡಿದ ನೀರಿಗೆ ೬ ಗಂಟೆ, ಕುದಿಸಿದ ನೀರಿಗೆ ೨೪ ಗಂಟೆ ಎಂದು ನಮ್ಮಲ್ಲಿ ಮರ್ಯಾದೆ ಹೇಳಿದ್ದಾರೆ. ಪ್ರಯಾಣಿಕನಿಗೆ ಇದಕ್ಕಿಂತ ಸುಲಭವಾದ ಲೆಕ್ಕ ಬೇಕಿಲ್ಲ. ಬೆಳಗಿನ ಜಾವ ಕುದಿಸಿ ಆರಿಸಿ ಸ್ಟೀಲ್ ಕೂಜಾದಲ್ಲಿ ತುಂಬಿಕೊಂಡರೆ ಒಂದು ದಿನದ ದಾರಿ ನಿಶ್ಚಿಂತೆ. ಎರಡನೆಯ ದಿನಕ್ಕೆ ಧರ್ಮಶಾಲೆಯಲ್ಲಿ ಮತ್ತೆ ಕುದಿಸಿಕೊಳ್ಳಬೇಕು. ನೀರು ಕಾಯಿಸುವ ಸಣ್ಣ ವಿದ್ಯುತ್ ಕೆಟಲ್ ಈಗ ಚೀಲದಲ್ಲಿ ಹಿಡಿಯುತ್ತದೆ. ಆದರೆ ರೈಲಿನ ಡಬ್ಬಿಯಲ್ಲಿ ಮೊಬೈಲಿಗಾಗಿ ಇಟ್ಟಿರುವ ಪ್ಲಗ್ಗಿಗೆ ಅದನ್ನು ಚುಚ್ಚುವುದು ನಿಷಿದ್ಧ ಮತ್ತು ಅಪಾಯ. ಹಾಗೆ ಮಾಡಬಾರದು.

ಬಾಟಲಿ ನೀರನ್ನೇ ಕೊಳ್ಳುವುದಾದರೆ ಮುಚ್ಚಳದ ಸೀಲು ನೋಡಿ ಕೊಳ್ಳಿ. ಕುಡಿದಾದ ಮೇಲೆ ಬಾಟಲಿಯನ್ನು ಹಿಚುಕಿ ಹಾಕಿ, ಇಲ್ಲವಾದರೆ ಅದೇ ಬಾಟಲಿ ನಲ್ಲಿ ನೀರು ತುಂಬಿಕೊಂಡು ಇನ್ನೊಬ್ಬರ ಕೈ ಸೇರುವ ಸಂಭವವಿದೆ. ಕಬ್ಬಿನ ಹಾಲು, ಷರಬತ್ತಿಗೆ ಹಾಕುವ ಮಂಜುಗಡ್ಡೆ ಯಾವ ನೀರಿನದೆಂದು ಕೇಳಿ ಯಾರೂ ಕುಡಿಯುವುದಿಲ್ಲ. ಕೇಳಿದರೆ ಕುಡಿಯಲು ಮನಸ್ಸು ಬಾರದು.

ಬುತ್ತಿಯ ಬಲ

ಬುತ್ತಿ ಕಟ್ಟಿಕೊಂಡು ಹೋಗುವುದೆಂದರೆ ಈಗಿನ ಹುಡುಗರಿಗೆ ಸಂಕೋಚ. ದಾರಿಯಲ್ಲಿ ಎಲ್ಲವೂ ಸಿಗುತ್ತದೆ ಎನ್ನುತ್ತಾರೆ. ಸಿಗುತ್ತದೆ ನಿಜ. ಆದರೆ ಕಂದಮೂಲ, ಬೆಳ್ಳುಳ್ಳಿ ಇಲ್ಲದ್ದು ಸಿಗುವುದು ಅಪರೂಪ. ನಮ್ಮ ಕಡೆಯ ಒಗ್ಗಾಣಿ–ಮಿರ್ಚಿ ಬಜ್ಜಿಯ ರುಚಿಯನ್ನು ಅಲ್ಲಗಳೆಯುವವರು ನಾವಲ್ಲ. ಮನೆಯಲ್ಲಿ ಈರುಳ್ಳಿ ಇಲ್ಲದೆ ಮಾಡಿದ್ದು ಬಿಸಿಯಾಗಿದ್ದಾಗ ಅಮೃತವೇ. ಬಸ್ ಸ್ಟ್ಯಾಂಡಿನ ಬಾಣಲೆಯಲ್ಲಿ ನಿನ್ನೆಯ ಎಣ್ಣೆಗೇ ಇಂದಿನ ಎಣ್ಣೆ ಬೆರೆಸಿ ಕರಿದದ್ದನ್ನು ತಿಂದು ಎಂಟು ಗಂಟೆ ಕೂತು ಪ್ರಯಾಣ ಮಾಡಿದರೆ ಎದೆ ಉರಿಯದೆ ಇರುತ್ತದೆಯೇ?

ಹಿಟ್ಟಿಗೆ ಮಳೆಗಾಲದಲ್ಲಿ ೩ ದಿನ, ಬೇಸಿಗೆಯಲ್ಲಿ ೫ ದಿನ, ಚಳಿಗಾಲದಲ್ಲಿ ೭ ದಿನ ಎಂಬ ಮರ್ಯಾದೆ ನಮ್ಮ ಹೆಣ್ಣುಮಕ್ಕಳಿಗೆ ಬಾಯಿಪಾಠ. ತೇವ ಹೆಚ್ಚಿದಷ್ಟೂ ಪದಾರ್ಥ ಬೇಗ ಕೆಡುತ್ತದೆ ಎಂಬ ತಿಳಿವಳಿಕೆ ಇದರಲ್ಲಿದೆ. ಬುತ್ತಿಯನ್ನೂ ಇದೇ ತತ್ತ್ವದ ಮೇಲೆ ಕಟ್ಟಬೇಕು. ಬೇಯಿಸಿದ ತೇವದ ಪದಾರ್ಥವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು, ಬಿಸಿಲು ೩೨ ಡಿಗ್ರಿ ಮೀರಿದಾಗ ಒಂದು ಗಂಟೆಗಿಂತ ಹೆಚ್ಚು ಇಡಬಾರದೆಂದು ವೈದ್ಯರು ಹೇಳುತ್ತಾರೆ. ಹಾಗಾದರೆ ಆದೋನಿಯಿಂದ ಹೊರಟ ಮೊಸರನ್ನದ ಗಂಟು ಬೇಸಿಗೆಯಲ್ಲಿ ಗುಂತಕಲ್ಲು ಮುಟ್ಟುವ ಹೊತ್ತಿಗೇ ಅನುಮಾನದ್ದು. ಜೋಳದ ಖಡಕ್ ರೊಟ್ಟಿ, ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹುರಿದ ಮಂಡಾಳು, ಪುಠಾಣಿ, ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು ಇವು ಕೆಡುವ ಭಯವಿಲ್ಲದವು. ಖಾಲಿಯಾದ ಡಬ್ಬಿಗಳು ಹಿಂದಿರುಗುವಾಗ ಹಗುರ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಒಣ ಬುತ್ತಿಯಲ್ಲಿ ಉಪ್ಪು ಜಾಸ್ತಿ. ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ, ಖಾರದ ತಿಂಡಿ ಎಲ್ಲವೂ ಸೇರಿದರೆ ದಿನಕ್ಕೆ ೫ ಗ್ರಾಂ, ಎಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಮಧ್ಯಾಹ್ನದೊಳಗೇ ದಾಟಿಹೋಗುತ್ತದೆ. ರಕ್ತದ ಒತ್ತಡ ಇರುವವರ ಪುಡಿಯನ್ನು ಬೇರೆಯಾಗಿ, ಉಪ್ಪು ಕಡಿಮೆ ಹಾಕಿ ಕುಟ್ಟಿಡುವುದು ಸೊಸೆಯಂದಿರಿಗೆ ಕಷ್ಟದ ಕೆಲಸವೇನಲ್ಲ.

ನಮ್ಮ ಸೀಮೆಯ ಬಿಸಿಲು

ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಬಿಸಿಲನ್ನು ಬಣ್ಣಿಸುವ ಅಗತ್ಯವಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ೪೦ ಡಿಗ್ರಿ ಮೀರುವುದು ವಾಡಿಕೆ. ಮದುವೆಗಳೂ ಅದೇ ತಿಂಗಳಲ್ಲಿ, ಮಕ್ಕಳ ರಜೆಯ ಯಾತ್ರೆಗಳೂ ಅದೇ ತಿಂಗಳಲ್ಲಿ. ಸಾಧ್ಯವಾದಷ್ಟು ಬೆಳಗಿನ ಹತ್ತರೊಳಗೆ ಊರು ಸೇರುವಂತೆ ಹೊರಡಬೇಕು. ಬಾಯಾರಿಕೆ ಆಗುವವರೆಗೆ ಕಾಯದೆ ಆಗಾಗ ಎರಡು ಗುಟುಕು ನೀರು ಕುಡಿಯಬೇಕು. ತಿಳಿಮಜ್ಜಿಗೆ ಬಹಳ ಒಳ್ಳೆಯದು. ಮೈ ಕಾದು ೧೦೪ ಡಿಗ್ರಿ ಜ್ವರದಂತಾಗಿ, ಮಾತು ತೊದಲಿ, ಮನುಷ್ಯ ಗಲಿಬಿಲಿಗೊಂಡರೆ ಅದು ಬರಿಯ ಆಯಾಸವಲ್ಲ, ಬಿಸಿಲಿನ ಹೊಡೆತ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ೧೦೮ಕ್ಕೆ ಫೋನು ಮಾಡಬೇಕು. ಇಲ್ಲಿ ಪ್ರತಿಯೊಂದು ನಿಮಿಷವೂ ಮುಖ್ಯ.

ವಾಂತಿ ಭೇದಿ ಆದಾಗಲೂ ಕಳೆದುಹೋಗುವುದು ನೀರು ಮತ್ತು ಉಪ್ಪು. ಇದಕ್ಕೆ ಔಷಧವೆಂದರೆ ಉಪ್ಪು ಸಕ್ಕರೆಯ ನೀರು. ೧೯೭೧ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರು ಬನಗಾಂವ್ ಶಿಬಿರದಲ್ಲಿ ಕಾಲರಾಕ್ಕೆ ತುತ್ತಾದಾಗ ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದೆ ಹೋಯಿತು. ಕಲ್ಕತ್ತೆಯ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಬಾಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ೨೦೨೨ರಲ್ಲಿ ತೀರಿಕೊಂಡ ಅವರಿಗೆ ೨೦೨೩ರಲ್ಲಿ ಸರ್ಕಾರ ಪದ್ಮವಿಭೂಷಣ ಘೋಷಿಸಿತು. ಅವರ ಆ ಕೆಲಸ ಈಗ ಔಷಧಿ ಅಂಗಡಿಯಲ್ಲಿ ಓಆರ್‌ಎಸ್ ಎಂಬ ಸಣ್ಣ ಪೊಟ್ಟಣವಾಗಿ ಸಿಗುತ್ತದೆ. ನಾಲ್ಕು ಪೊಟ್ಟಣ ಚೀಲದಲ್ಲಿರಲಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮಮಟ್ಟದ ೬ ಚಹಾ ಚಮಚ ಸಕ್ಕರೆ, ಸಮಮಟ್ಟದ ಅರ್ಧ ಚಹಾ ಚಮಚ ಉಪ್ಪು ಹಾಕಿ ಕಲಸಿ. ಉಪ್ಪು ಅಳತೆ ಮೀರಬಾರದು. ರಕ್ತ ಬಿದ್ದರೆ, ಜ್ವರ ಏರಿದರೆ, ಮಗು ಕುಡಿಯಲಾರದೆ ಸುಸ್ತಾಗಿ ಬಿದ್ದರೆ ಪ್ರಯಾಣ ನಿಲ್ಲಿಸಿ ಡಾಕ್ಟರರ ಹತ್ತಿರ ಹೋಗುವುದೇ ಸರಿ.

ಹೆಣ್ಣುಮಕ್ಕಳು ನೀರು ಬಿಡುವ ವಿಷಯ

ನಮ್ಮ ಮನೆಗಳ ಹೆಣ್ಣುಮಕ್ಕಳು ಪ್ರಯಾಣದ ದಿನ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ದಾರಿಯಲ್ಲಿ ಶೌಚಕ್ಕೆ ಸರಿಯಾದ ಸ್ಥಳ ಸಿಗದೆಂಬ ಸಂಕೋಚ. ಇದನ್ನು ಅವರು ಯಾರಿಗೂ ಹೇಳುವುದಿಲ್ಲ, ಗಂಡಸರು ಕೇಳುವುದೂ ಇಲ್ಲ. ಊರಿಗೆ ಬಂದ ಮೇಲೆ ತಲೆಸುತ್ತು, ಮೂತ್ರದ ಉರಿ, ಜ್ವರ. ಬಸುರಿಯಾದವರಿಗಂತೂ ಇದು ಇನ್ನೂ ಕೇಡು. ವಾಹನ ನಮ್ಮ ಕೈಯಲ್ಲಿದ್ದಾಗ ಎರಡು ಗಂಟೆಗೊಮ್ಮೆ ಶೌಚಾಲಯ ಇರುವ ಪೆಟ್ರೋಲ್ ಬಂಕ್ ಅಥವಾ ಬಸದಿಯ ಬಳಿ, ಯಾರೂ ಕೇಳದೆಯೇ ನಿಲ್ಲಿಸುವ ಪದ್ಧತಿ ಇಟ್ಟುಕೊಳ್ಳೋಣ. ಮನೆಯ ಯಜಮಾನನೇ ‘ನಡೆಯಿರಿ, ಎಲ್ಲರೂ ಇಳಿಯಿರಿ’ ಎಂದರೆ ಯಾರಿಗೂ ಸಂಕೋಚವಿಲ್ಲ.

ಹೀಗೆ ಇಳಿಯುವುದರಿಂದ ಇನ್ನೊಂದು ಲಾಭ. ನಾಲ್ಕು ಗಂಟೆಗಿಂತ ಹೆಚ್ಚು ಕುಳಿತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡರಷ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೦೭ರಲ್ಲಿ ತಿಳಿಸಿತು. ಒಟ್ಟು ಲೆಕ್ಕದಲ್ಲಿ ಅದು ೬,೦೦೦ ಜನರಲ್ಲಿ ಒಬ್ಬರಿಗೆ ಬರುವಂಥದು. ಹೆದರಬೇಕಾಗಿಲ್ಲ, ಆದರೆ ಕಾಲು ಆಡಿಸುತ್ತಿರಬೇಕು. ಗಾದಿಯ ಮೇಲೆ ಕೂತು ಕೂತು ಹೊಟ್ಟೆ ಬೆಳೆಸಿದ ನಮ್ಮಂಥವರು, ಇತ್ತೀಚೆಗೆ ಆಪರೇಷನ್ ಆದವರು, ಬಸುರಿ–ಬಾಣಂತಿಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಒಂದು ಕಾಲು ಮಾತ್ರ ಬಾತು ನೋಯತೊಡಗಿದರೆ ಎಣ್ಣೆ ಹಚ್ಚಿ ತಿಕ್ಕುತ್ತ ಕೂರಬಾರದು, ಡಾಕ್ಟರರಿಗೆ ತೋರಿಸಬೇಕು.

ಸೂರ್ಯಾಸ್ತದ ಊಟ ಮತ್ತು ಸಂಜೆಯ ಗುಳಿಗೆ

ಈಗ ಮುಖ್ಯ ವಿಷಯಕ್ಕೆ ಬರೋಣ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು ೧೦ ಕೋಟಿ ಜನ. ಕೂತು ಮಾಡುವ ವ್ಯಾಪಾರ, ಸಿಹಿಯ ಮೇಲಿನ ಆಸೆ ಎರಡೂ ಇರುವ ನಮ್ಮ ಸಮಾಜದಲ್ಲಿ ಇದು ಮನೆಮಾತಾಗಿದೆ. ಇನ್ನೊಂದು ಕಡೆ ರಾತ್ರಿಭೋಜನ ತ್ಯಾಗ ನಮ್ಮ ಮನೆತನದ ಗುರುತು. ನಿತ್ಯದ ಜೀವನದಲ್ಲಿ ಇವೆರಡಕ್ಕೆ ಜಗಳವಿಲ್ಲ. ಬೇಗ ಉಂಡು, ಮಲಗುವ ಮುಂಚೆ ಮೂರು ಗಂಟೆಯ ಅಂತರವಿರುವುದು ಒಳ್ಳೆಯದೆಂದು ಡಾಕ್ಟರರೂ ಹೇಳುತ್ತಾರೆ. ತೊಂದರೆ ಬರುವುದು ಪ್ರಯಾಣದಲ್ಲಿ, ಊಟದ ವೇಳೆ ನಮ್ಮ ಕೈ ತಪ್ಪಿದಾಗ.

ನಮ್ಮ ಬಳಗದ ಹಿರಿಯರೊಬ್ಬರ ಸಂಗತಿ ಹೇಳುತ್ತೇವೆ. ಬಳ್ಳಾರಿಯಲ್ಲಿ ಮದುವೆ ಮುಗಿಸಿಕೊಂಡು ಹಗರಿ, ಆಲೂರು ದಾರಿಯಾಗಿ ಆದೋನಿಗೆ ಬಾಡಿಗೆ ಗಾಡಿಯಲ್ಲಿ ಹೊರಟರು. ಎರಡು ಗಂಟೆಯ ದಾರಿ. ಹೊತ್ತು ಮುಳುಗುವುದರೊಳಗೆ ಮನೆ ಸೇರಿ ಉಣ್ಣೋಣವೆಂದು ಐದು ಗಂಟೆಗೇ ಸಕ್ಕರೆಯ ಗುಳಿಗೆ ನುಂಗಿದ್ದರು. ಆಲೂರಿನ ಈಚೆಗೆ ಗಾಡಿಯ ಟೈರು ಒಡೆಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಅದು ರಿಪೇರಿಯಾಗುವ ಹೊತ್ತಿಗೆ ಕತ್ತಲಾಯಿತು. ಬುತ್ತಿಯ ಗಂಟು ಜೊತೆಯಲ್ಲೇ ಇತ್ತು. ಅಜ್ಜನವರು ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರು, ಕೈನಡುಕ. ‘ಮಾಮಾ, ಯಾಕ್ರೀ ಹಿಂಗ ಬೆವರಾಕ ಹತ್ತೀರಿ?’ ಎಂದು ಸೊಸೆ ಕೇಳಿದರೆ ಸಂಬಂಧವಿಲ್ಲದ ಉತ್ತರ. ಮನೆಯವರು ಬಿಸಿಲಿನ ಆಯಾಸವೆಂದುಕೊಂಡರು. ಪಂಕ್ಚರ್ ಅಂಗಡಿಯ ಹತ್ತಿರ ನಿಂತಿದ್ದ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ‘ಶುಗರ್ ಇದೆಯಾ?’ ಎಂದು ತೆಲುಗಿನಲ್ಲಿ ಕೇಳಿ, ಚಹಾದಂಗಡಿಯಿಂದ ಸಕ್ಕರೆ ತಂದು ನೀರಿನಲ್ಲಿ ಕಲಸಿ ಕುಡಿಸಿದ. ಹದಿನೈದು ನಿಮಿಷದಲ್ಲಿ ಮಾತು ಸರಿಹೋಯಿತು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೋ ಹೇಳಲಾಗದು.

ನಡೆದದ್ದು ಇಷ್ಟು: ಗುಳಿಗೆ ತನ್ನ ಕೆಲಸ ಮಾಡಿತು, ಆದರೆ ಹೊಟ್ಟೆಗೆ ಅನ್ನ ಬೀಳಲಿಲ್ಲ. ರಕ್ತದ ಸಕ್ಕರೆ ೭೦ಕ್ಕಿಂತ ಕೆಳಗಿಳಿದರೆ ಅದು ಅಪಾಯದ ಗಂಟೆ. ಇನ್ಸುಲಿನ್, ಮತ್ತು ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಗುಳಿಗೆಗಳಲ್ಲಿ ಈ ಅಪಾಯ ಹೆಚ್ಚು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಇದು ಅಪರೂಪ. ಲಕ್ಷಣ ಕಂಡ ಕೂಡಲೇ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕೊಟ್ಟು, ಹದಿನೈದು ನಿಮಿಷ ನೋಡಿ, ಸುಧಾರಿಸದಿದ್ದರೆ ಮತ್ತೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ ೧೦೮ಕ್ಕೆ ಕರೆಯಬೇಕು.

ಆ ಹಿರಿಯರು ಮುಂದೆ ಮುನಿಗಳ ಬಳಿ ಹೋಗಿ ನಡೆದುದನ್ನು ಹೇಳಿಕೊಂಡರು. ಅವರು ವಿಧಿಸಿದ ಪ್ರಾಯಶ್ಚಿತ್ತವನ್ನು ಸಂತೋಷದಿಂದ ಮಾಡಿದರು. ವ್ರತವನ್ನೂ ಬಿಡಲಿಲ್ಲ. ಡಾಕ್ಟರರನ್ನು ಕೇಳಿ ಗುಳಿಗೆಯ ಕ್ರಮವನ್ನು ಬದಲಿಸಿಕೊಂಡರು. ಊಟ ಮುಂದಿರುವಾಗಲೇ ಗುಳಿಗೆ, ಅನ್ನ ಕಣ್ಣಿಗೆ ಕಾಣದೆ ಗುಳಿಗೆ ಇಲ್ಲ ಎಂಬ ನಿಯಮ ಮಾಡಿಕೊಂಡರು. ಇಂದಿಗೂ ತಿರುಗಾಡಿಕೊಂಡಿದ್ದಾರೆ.

ವ್ರತ ಹಿಡಿಯುವಾಗಲೇ ಔಷಧ ಮತ್ತು ನೀರಿಗೆ ಸಡಿಲಿಕೆ ಕೇಳಿ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಯಾವ ಸ್ಥಿತಿಯಲ್ಲಿ ಏನು ಮಾಡಬೇಕೆಂದು ಮುನಿಗಳನ್ನೋ ಮಾತಾಜಿಯವರನ್ನೋ ಮೊದಲೇ ವಿಚಾರಿಸಿ ಮನಸ್ಸು ಗಟ್ಟಿಮಾಡಿಕೊಂಡಿರಬೇಕು. ಕತ್ತಲಲ್ಲಿ, ಸಕ್ಕರೆ ಇಳಿದು ಬುದ್ಧಿ ಮಂಕಾದಾಗ ಧರ್ಮಸೂಕ್ಷ್ಮವನ್ನು ಯೋಚಿಸಲು ಯಾರಿಂದಲೂ ಸಾಧ್ಯವಿಲ್ಲ. ಅಷ್ಟಮಿ ಚತುರ್ದಶಿಯ ಉಪವಾಸ, ದಶಲಕ್ಷಣ ಪರ್ವದ ಉಪವಾಸ ಇರುವ ದಿನ ಪ್ರಯಾಣ ಬಂದರಂತೂ ಆ ದಿನದ ಗುಳಿಗೆ ಎಷ್ಟು, ಯಾವಾಗ ಎಂದು ಡಾಕ್ಟರರಿಂದ ಬರೆಸಿಕೊಳ್ಳಬೇಕು. ಹಾಗೆ ಕೇಳಿದರೆ ‘ಉಪವಾಸ ಬಿಡಿ’ ಎಂದುಬಿಡುತ್ತಾರೆಂಬ ಅಂಜಿಕೆಯಿಂದ ನಮ್ಮ ಹಿರಿಯರು ಮುಚ್ಚಿಡುತ್ತಾರೆ. ವಕೀಲನ ಹತ್ತಿರವೂ ವೈದ್ಯನ ಹತ್ತಿರವೂ ಮುಚ್ಚಿಟ್ಟರೆ ನಷ್ಟ ನಮಗೇ. ಹೊಂದಿಸಿ ಕೊಡುವ ಡಾಕ್ಟರರು ಬಹಳ ಜನರಿದ್ದಾರೆ.

ಇನ್ಸುಲಿನ್ ಹಾಕಿಕೊಳ್ಳುವವರು ಇನ್ನೊಂದನ್ನು ನೆನಪಿಡಬೇಕು. ಬಳಸುತ್ತಿರುವ ಸೀಸೆ ೩೦ ಡಿಗ್ರಿಯೊಳಗಿನ ತಂಪಿನಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ ಕೆಡುತ್ತದೆ. ಬಾಯಗಲದ ಥರ್ಮಾಸ್ ಫ್ಲಾಸ್ಕಿನಲ್ಲಿ, ಮಂಜುಗಡ್ಡೆ ನೇರವಾಗಿ ತಗಲದಂತೆ ಇಟ್ಟುಕೊಳ್ಳಬೇಕು. ಗುಳಿಗೆಗಳನ್ನು ಲಗೇಜಿನ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲಿಡಬೇಕು, ಎರಡು ಮೂರು ದಿನಕ್ಕೆ ಹೆಚ್ಚಿಗೆಯೇ ಇರಲಿ. ದಾರಿಯಲ್ಲಿ ತೊಂದರೆಯೆಂದು ಮೂತ್ರ ಹೋಗುವ ಒತ್ತಡದ ಗುಳಿಗೆಯನ್ನು ತಾವಾಗಿಯೇ ಬಿಡುವವರಿದ್ದಾರೆ. ಅದನ್ನೂ ಡಾಕ್ಟರರನ್ನು ಕೇಳಿಯೇ ಮಾಡಬೇಕು.

ಬೆಟ್ಟ ಹತ್ತುವವರಿಗೆ

ನಮ್ಮ ಕ್ಷೇತ್ರಗಳಲ್ಲಿ ಅನೇಕವು ಬೆಟ್ಟದ ಮೇಲಿವೆ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಹತ್ತುವುದು ಬರಿಗಾಲಲ್ಲಿ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ. ಬಂಡೆ ಕಾದದ್ದು ಅವರಿಗೆ ತಿಳಿಯುವುದೇ ಇಲ್ಲ. ದರ್ಶನ ಮುಗಿಸಿ ಇಳಿದ ಮೇಲೆ ಅಂಗಾಲಿನಲ್ಲಿ ಬೊಬ್ಬೆ, ಅದು ಹುಣ್ಣಾಗಿ ತಿಂಗಳುಗಟ್ಟಲೆ ಮಾಯದೆ ಬೆರಳು ಕಳೆದುಕೊಳ್ಳುವವರೆಗೂ ಹೋಗಬಹುದು. ಇಂಥವರು ಬಿಸಿಲೇರುವ ಮೊದಲೇ ಹತ್ತಿ ಇಳಿಯಬೇಕು, ದಪ್ಪ ಹತ್ತಿಯ ಕಾಲುಚೀಲ ಹಾಕಬೇಕು, ರಾತ್ರಿ ಮಲಗುವ ಮುಂಚೆ ಮಗನ ಕೈಯಿಂದಲೋ ಮೊಮ್ಮಗಳ ಕೈಯಿಂದಲೋ ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿಸಬೇಕು.

ಶಿಖರಜಿಯದು ಇನ್ನೂ ದೊಡ್ಡ ಪರೀಕ್ಷೆ. ೧,೩೬೫ ಮೀಟರ್ ಎತ್ತರದ ಆ ಪರ್ವತಕ್ಕೆ ಹತ್ತುವುದು ೯ ಕಿಲೋಮೀಟರ್, ಟೋಂಕುಗಳ ವಂದನೆಗೆ ೯, ಇಳಿಯುವುದು ೯, ಒಟ್ಟು ೨೭ ಕಿಲೋಮೀಟರ್. ನಡುರಾತ್ರಿ ಕಳೆದ ಮೇಲೆ ಎದ್ದು, ಬಹಳ ಜನ ನಿರಾಹಾರವಾಗಿ ಹತ್ತುತ್ತಾರೆ. ಊರಿನಲ್ಲಿ ಅಂಗಡಿಗೂ ಸ್ಕೂಟರಿನಲ್ಲಿ ಹೋಗುವವರು ಇದ್ದಕ್ಕಿದ್ದಂತೆ ಇಷ್ಟು ನಡೆಯುವುದು ಎದೆಗೆ ಭಾರ. ಹೊರಡುವ ಎರಡು ತಿಂಗಳು ಮೊದಲೇ ದಿನಾ ಅರ್ಧ ಗಂಟೆಯಿಂದ ತೊಡಗಿ ನಡಿಗೆ ಹೆಚ್ಚಿಸಿಕೊಳ್ಳಬೇಕು. ಹೃದಯದ ತೊಂದರೆ ಇರುವವರು ಡಾಕ್ಟರರ ಒಪ್ಪಿಗೆ ಪಡೆಯಬೇಕು. ಅಲ್ಲಿ ಡೋಲಿ ಇದೆ. ಗಿರನಾರಕ್ಕೆ ೨೦೨೦ರಿಂದ ಅರ್ಧ ದಾರಿಯವರೆಗೆ ರೋಪ್‌ವೇ ಆಗಿದೆ. ಡೋಲಿಯಲ್ಲಿ ಕೂತರೆ ಪುಣ್ಯ ಕಡಿಮೆಯಾಯಿತೆಂದು ಕೊರಗಬೇಕಾಗಿಲ್ಲ. ಎದೆ ಬಿಗಿದರೆ, ನೋವು ಎಡಗೈಗೆ ಅಥವಾ ದವಡೆಗೆ ಹರಿದರೆ, ತಣ್ಣನೆ ಬೆವರಿದರೆ ‘ಗ್ಯಾಸು’ ಎಂದು ಓಂಕಾಳು ನುಂಗಿ ಮುಂದೆ ನಡೆಯಬಾರದು. ಅಲ್ಲೇ ಕೂತು ಸಹಾಯ ಕೇಳಬೇಕು.

ಜೇಬಿನಲ್ಲಿರಲಿ ಒಂದು ಚೀಟಿ

ಗಡಿಯವರಾದ ನಮಗೆ ಒಂದು ವಿಶೇಷ ತೊಡಕಿದೆ. ಮನೆಯ ಮಾತು ಕನ್ನಡ, ಊರಿನ ವ್ಯವಹಾರ ತೆಲುಗು, ಯಾತ್ರೆಯಲ್ಲಿ ಹಿಂದಿ. ಕಾಯಿಲೆ ಬಿದ್ದಾಗ ಯಾವ ಭಾಷೆಯಲ್ಲಿ ಹೇಳುವುದೆಂದು ಗಾಬರಿಯಾಗುತ್ತದೆ. ಆದ್ದರಿಂದ ಒಂದು ಚೀಟಿಯಲ್ಲಿ ಹೆಸರು, ವಯಸ್ಸು, ರಕ್ತದ ಗುಂಪು, ಇರುವ ಕಾಯಿಲೆ, ಗುಳಿಗೆಯ ಹೆಸರು ಮತ್ತು ಪ್ರಮಾಣ, ಒಗ್ಗದ ಔಷಧ, ಮನೆಯವರ ಫೋನು ಇಷ್ಟನ್ನೂ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬರೆಸಿ ಅಂಗಿಯ ಜೇಬಿನಲ್ಲಿಡಬೇಕು. ಮೊಬೈಲಿನಲ್ಲಿ ಎಲ್ಲಾ ಇದೆ ಎಂದು ಮಕ್ಕಳು ಹೇಳುತ್ತಾರೆ. ಮನುಷ್ಯ ಎಚ್ಚರ ತಪ್ಪಿದಾಗ ಅವನ ಮೊಬೈಲಿನ ಬೀಗ ತೆಗೆಯುವವರಾರು? ಜೊತೆಗೆ ಬಂದವರಿಗೂ ಕಾಯಿಲೆಯ ವಿಷಯ ತಿಳಿದಿರಬೇಕು. ಸಂಬ್ಯಕ್ಕೆ ಅಡ್ಡಿಯಾದೀತೆಂದೋ ಜನ ಏನೆಂದಾರೋ ಎಂದೋ ಕಾಯಿಲೆಯನ್ನು ಮುಚ್ಚಿಡುವ ಅಭ್ಯಾಸ ನಮ್ಮ ಸಮಾಜದಿಂದ ಹೋಗಬೇಕು.

ರೈಲಿನಲ್ಲಿ ತೊಂದರೆಯಾದರೆ ೧೩೯ಕ್ಕೆ ಫೋನು ಮಾಡಬಹುದು. ೨೦೨೪ರ ಅಕ್ಟೋಬರಿನಲ್ಲಿ ೭೦ ವರ್ಷ ತುಂಬಿದ ಎಲ್ಲರಿಗೂ, ಆದಾಯವೆಷ್ಟೇ ಇರಲಿ, ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯ ಸೌಲಭ್ಯ ಬಂದಿದೆ. ಯೋಜನೆಗೆ ಸೇರಿದ ಆಸ್ಪತ್ರೆ ಬೇರೆ ರಾಜ್ಯದಲ್ಲಿದ್ದರೂ ಇದು ನಡೆಯುತ್ತದೆ. ಸರ್ಕಾರದ ಯೋಜನೆ ನಮ್ಮಂಥ ವ್ಯಾಪಾರಸ್ಥರಿಗೆ ಅಲ್ಲವೆಂಬ ಭಾವನೆಯಿಂದ ಬಹಳ ಜನ ಕಾರ್ಡು ಮಾಡಿಸಿಲ್ಲ. ಆಧಾರ್ ಹಿಡಿದುಕೊಂಡು ಹೋಗಿ ಮನೆಯ ಹಿರಿಯರ ಕಾರ್ಡು ಮಾಡಿಸಿಡುವುದು ಮಕ್ಕಳ ಕರ್ತವ್ಯ.

ದೂರದ ಊರಿಗೆ ಮಾಲು ಕಳಿಸುವಾಗ ನಾವು ತೂಕ ಬರೆಯುತ್ತೇವೆ, ಗುರುತು ಹಾಕುತ್ತೇವೆ, ವಿಮೆ ಮಾಡಿಸುತ್ತೇವೆ, ತಲುಪಿತೇ ಎಂದು ವಿಚಾರಿಸುತ್ತೇವೆ. ನಮ್ಮ ತಂದೆ ತಾಯಿಯರನ್ನು ಯಾತ್ರೆಗೆ ಕಳಿಸುವಾಗ ಅಷ್ಟಾದರೂ ಮಾಡೋಣ. ಮುಂದಿನ ಪ್ರಯಾಣಕ್ಕೆ ಟಿಕೆಟು ತೆಗೆಸುವ ದಿನವೇ ಮನೆಮಂದಿಯೆಲ್ಲ ಕೂತು ಯಾರಿಗೆ ಯಾವ ಗುಳಿಗೆ, ಯಾವ ದಿನ ಯಾವ ವ್ರತ, ಸಂಜೆಯ ಊಟ ಎಲ್ಲಿ ಎಂದು ಒಂದು ಹಾಳೆಯ ಮೇಲೆ ಬರೆದುಕೊಳ್ಳಲಿ. ಹತ್ತು ನಿಮಿಷದ ಕೆಲಸ. ಸರ್ವರ ಯಾತ್ರೆಯೂ ಸುಖಕರವಾಗಲಿ. ಜೈ ಜಿನೇಂದ್ರ.